ಜಕಾತಿಯ ಎರಡು ಮುಖಗಳು

ಮನುಷ್ಯನ ಗಳಿಕೆಯ ಮೇಲೆ ತೆರಿಗೆ ಹಾಕಬೇಕೋ ಅವನ ಖರ್ಚಿನ ಮೇಲೆ ಹಾಕಬೇಕೋ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. 1651ರಲ್ಲಿ ಪ್ರಕಟವಾದ ‘ಲೆವಿಯಾಥನ್’ ಗ್ರಂಥದಲ್ಲಿ ಇಂಗ್ಲೆಂಡಿನ ತತ್ತ್ವಚಿಂತಕ ಥಾಮಸ್ ಹಾಬ್ಸ್, ಹೆಚ್ಚು ದುಡಿದು ಮಿತವಾಗಿ ಬಳಸುವವನ ಮೇಲೆ, ದುಡಿಯದೆ ಇದ್ದುದನ್ನೆಲ್ಲ ಉಣ್ಣುವವನಿಗಿಂತ ಹೆಚ್ಚಿನ ಹೊರೆ ಹೇರುವುದು ನ್ಯಾಯವಲ್ಲವೆಂದು ವಾದಿಸಿ, ಬಳಕೆಯ ಮೇಲಿನ ತೆರಿಗೆಯ ಪಕ್ಷ ವಹಿಸಿದ್ದನು. ಆ ವಾದದ ಇಂದಿನ ಕವಲು ಇನ್ನೂ ಮುಂದಕ್ಕೆ ಹೋಗಿ, ಆದಾಯ ತೆರಿಗೆಯನ್ನು ಪೂರ್ತಿ ರದ್ದುಮಾಡಿ ಅದರ ಜಾಗಕ್ಕೆ ದೇಶವಿಡೀ ಅನ್ವಯವಾಗುವ ಮಾರಾಟ ತೆರಿಗೆಯೊಂದನ್ನು ತರಬೇಕೆನ್ನುತ್ತದೆ. ಅಮೆರಿಕದ ಸಂಸತ್ತಿನಲ್ಲಿ 1999ರಿಂದ ‘ಫೇರ್‌ಟ್ಯಾಕ್ಸ್’ ಹೆಸರಿನ ಮಸೂದೆ ಮತ್ತೆ ಮತ್ತೆ ಮಂಡನೆಯಾಗುತ್ತ ಬಂದಿದೆ. ಭಾರತದಲ್ಲಿ ಸುಬ್ರಮಣಿಯನ್ ಸ್ವಾಮಿಯವರು ಆದಾಯ ತೆರಿಗೆ ರದ್ದಾಗಬೇಕೆಂದು ಹಲವು ವರ್ಷಗಳಿಂದ ಹೇಳುತ್ತಿದ್ದಾರೆ. ಪುಣೆಯ ಅರ್ಥಕ್ರಾಂತಿ ಚಳವಳಿ ಬಹುತೇಕ ಎಲ್ಲ ತೆರಿಗೆಗಳಿಗೆ ಬದಲಾಗಿ ಬ್ಯಾಂಕ್ ವಹಿವಾಟಿನ ಮೇಲೊಂದು ತೆರಿಗೆ ಸಾಕೆನ್ನುತ್ತದೆ.

ಈ ವಾದಕ್ಕಿರುವ ಸೆಳೆತವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದಾಯ ತೆರಿಗೆಯ ಹೊರೆ ಭಾರತದಲ್ಲಿ ಸಂಬಳದಾರನ ಮೇಲೆ ಮೂಲದಲ್ಲೇ ಕಡಿತವಾಗಿ ಬೀಳುತ್ತದೆ, ಲೆಕ್ಕವಿಡದ ವ್ಯಾಪಾರಿ, ರಸೀದಿಯಿಲ್ಲದೆ ಶುಲ್ಕ ಪಡೆಯುವ ವೃತ್ತಿಪರ, ಬೇನಾಮಿ ಆಸ್ತಿಯವನು ತಪ್ಪಿಸಿಕೊಳ್ಳುತ್ತಾರೆ. ಆದರೆ ಕಳ್ಳ ಹಣವನ್ನು ಕೂಡಿಟ್ಟವನೂ ಒಂದಲ್ಲ ಒಂದು ದಿನ ಕಾರು ಕೊಳ್ಳಲೇಬೇಕು, ಮಗಳ ಮದುವೆ ಮಾಡಲೇಬೇಕು, ಆಗ ಮಾರಾಟ ತೆರಿಗೆ ಅವನನ್ನು ಹಿಡಿಯುತ್ತದೆ ಎಂಬುದು ಕೇಳಿದವರಿಗೆ ಸರಿಯೆನಿಸುವ ಮಾತು. ಜೊತೆಗೆ ಉಳಿತಾಯಕ್ಕೆ ದಂಡವಿಲ್ಲ, ವಾರ್ಷಿಕ ರಿಟರ್ನ್ ತುಂಬುವ ಕಷ್ಟವಿಲ್ಲ, ಅಧಿಕಾರಿ ಮನೆಯ ಲೆಕ್ಕ ಕೇಳುವ ಪ್ರಮೇಯವಿಲ್ಲ. ಇಷ್ಟೆಲ್ಲ ಅನುಕೂಲವಿರುವ ವ್ಯವಸ್ಥೆಯನ್ನು ಕಾಗದದ ಮೇಲೆ ಮಾತ್ರ ಪರೀಕ್ಷಿಸಬೇಕಾಗಿಲ್ಲ, ಏಕೆಂದರೆ ಅದಕ್ಕೆ ಬಹಳ ಹತ್ತಿರದ ಸ್ಥಿತಿಯಲ್ಲಿ ಸಾವಿರಾರು ಕನ್ನಡಿಗರು ಈಗಾಗಲೇ ಬದುಕುತ್ತಿದ್ದಾರೆ. ಒಮಾನ್ ದೇಶದ ಬಾತಿನಾ ಕರಾವಳಿಯ ಬರ್ಕಾದಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳ ಅಥವಾ ಕಾಸರಗೋಡಿನ ಕಾರ್ಮಿಕನು ತನ್ನ ಸಂಬಳದ ಮೇಲೆ ಒಮಾನಿಗೂ ಆದಾಯ ತೆರಿಗೆ ಕೊಡುವುದಿಲ್ಲ, ಅನಿವಾಸಿಯಾದ್ದರಿಂದ ಭಾರತಕ್ಕೂ ಕೊಡುವುದಿಲ್ಲ. ಬರ್ಕಾದ ಅಂಗಡಿಯಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು, ಊರಿಗೆ ಕಳಿಸಿದ ಹಣ ಖರ್ಚಾಗುವಾಗ ಅಲ್ಲಿಯ ಸರಕು ಮತ್ತು ಸೇವಾ ತೆರಿಗೆಯನ್ನು ಕೊಡುತ್ತಾನೆ. ಎರಡು ದೇಶಗಳ ನಡುವೆ ಹಂಚಿಹೋದ ಅವನ ಬದುಕಿನಲ್ಲಿ ಖರ್ಚಿನ ಮೇಲಿನ ತೆರಿಗೆಯೊಂದೇ ಉಳಿದಿದೆ.

ಈ ಎರಡು ಬಗೆಯ ತೆರಿಗೆಗಳ ಚರಿತ್ರೆ ಒಂದು ಪದದಲ್ಲಿಯೇ ಅಡಗಿದೆ. ಅರಬ್ಬಿಯಲ್ಲಿ ‘ಝಕಾತ್’ ಎಂದರೆ ಉಳ್ಳವನು ತನ್ನ ಸಂಪತ್ತಿನಿಂದ, ಸಾಮಾನ್ಯವಾಗಿ ವರ್ಷ ತುಂಬಿದ ಉಳಿಕೆಯ ನಲವತ್ತನೆಯ ಒಂದು ಪಾಲನ್ನು, ಇಲ್ಲದವರಿಗಾಗಿ ತೆಗೆದುಕೊಡಬೇಕಾದ ಧಾರ್ಮಿಕ ಕರ್ತವ್ಯ. ಅದೇ ಪದ ಫಾರಸಿ, ಮರಾಠಿಗಳ ಹಾದಿಯಲ್ಲಿ ಕನ್ನಡಕ್ಕೆ ‘ಜಕಾತಿ’ಯಾಗಿ ಬರುವ ಹೊತ್ತಿಗೆ ಅದರ ಅರ್ಥ ತಲೆಕೆಳಗಾಗಿತ್ತು: ಊರಬಾಗಿಲ ಕಟ್ಟೆಯಲ್ಲಿ ಗಾಡಿ ನಿಲ್ಲಿಸಿ, ಒಳಬರುವ ಸರಕಿನ ಮೇಲೆ, ಅದನ್ನು ತಂದವನು ಸಿರಿವಂತನೋ ಬಡವನೋ ಎಂದು ಕೇಳದೆ ವಸೂಲು ಮಾಡುವ ಸುಂಕವನ್ನು ಕನ್ನಡಿಗರು ಜಕಾತಿ ಎಂದರು. ಕಲ್ಯಾಣ ಚಾಲುಕ್ಯರ ಶಾಸನಗಳ ಹೆಜ್ಜುಂಕದಿಂದ ಹಿಡಿದು 1979ರಲ್ಲಿ ಕರ್ನಾಟಕ ಸರ್ಕಾರ ಜಕಾತಿಯನ್ನು ರದ್ದುಪಡಿಸುವವರೆಗೂ ಸಾಗಿಬಂದ ಈ ಸರಕಿನ ತೆರಿಗೆ ರಾಜರಿಗೂ ಪುರಸಭೆಗಳಿಗೂ ಪ್ರಿಯವಾಗಿದ್ದುದಕ್ಕೆ ಕಾರಣ ಸರಳ: ಸರಕು ಕಣ್ಣಿಗೆ ಕಾಣುತ್ತದೆ, ಮನುಷ್ಯನ ಸ್ಥಿತಿಗತಿ ಕಾಣುವುದಿಲ್ಲ. ಗಳಿಕೆಯ ತೆರಿಗೆಗೂ ಖರ್ಚಿನ ತೆರಿಗೆಗೂ ಇರುವ ಮೂಲಭೂತ ವ್ಯತ್ಯಾಸವೂ ಇದೇ. ಮೊದಲನೆಯದು ವ್ಯಕ್ತಿಯನ್ನು ನೋಡುತ್ತದೆ, ಆದ್ದರಿಂದ ಅದನ್ನು ಪ್ರತ್ಯಕ್ಷ ತೆರಿಗೆ ಎನ್ನುತ್ತಾರೆ. ಎರಡನೆಯದು ವಸ್ತುವನ್ನು ನೋಡಿ, ಮಾರುವವನ ಕೈಯಿಂದ ಪಡೆದು, ಕೊಳ್ಳುವವನ ಮೇಲೆ ಹೊರಿಸುತ್ತದೆ, ಆದ್ದರಿಂದ ಅದು ಪರೋಕ್ಷ.

ಒಮಾನಿನಲ್ಲಿ ಗಳಿಕೆಯ ಮೇಲೆ ತೆರಿಗೆ ಇಲ್ಲದಿದ್ದುದು ಮಾರಾಟ ತೆರಿಗೆ ಅದರ ಸ್ಥಾನವನ್ನು ತುಂಬಿದ್ದರಿಂದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿದ್ದ, ಟಿಪ್ಪು ಸುಲ್ತಾನನು ಅಲ್ಲಿ ತನ್ನ ವ್ಯಾಪಾರದ ಕೋಠಿಯನ್ನಿಟ್ಟಿದ್ದ ಹದಿನೆಂಟನೆಯ ಶತಮಾನದಲ್ಲಿ ಆ ರಾಜ್ಯದ ಬೊಕ್ಕಸ ಬಂದರಿನ ಸುಂಕವನ್ನು ನೆಚ್ಚಿಕೊಂಡಿತ್ತು. 1833ರಲ್ಲಿ ಅಮೆರಿಕದೊಡನೆ ಆದ ಒಪ್ಪಂದದಲ್ಲಿ ಹಡಗಿನಿಂದ ಇಳಿಸಿದ ಸರಕಿಗೆ ಶೇಕಡಾ 5ರ ಸುಂಕ ನಿಗದಿಯಾಯಿತು. 1967ರಲ್ಲಿ ಕಚ್ಚಾ ತೈಲದ ರಫ್ತು ಆರಂಭವಾದ ಮೇಲೆ ಚಿತ್ರ ಬದಲಾಯಿತು. ನೆಲದಡಿಯ ಸಂಪತ್ತಿನಿಂದ ನೇರವಾಗಿ ಹಣ ಬರುವಾಗ ಸರ್ಕಾರ ಪ್ರಜೆಯ ಜೇಬಿಗೆ ಕೈಹಾಕಬೇಕಾಗಿರಲಿಲ್ಲ; 1970ರ ನಂತರ ಸುಲ್ತಾನ್ ಕಾಬೂಸರ ಆಳ್ವಿಕೆಯಲ್ಲಿ ರಸ್ತೆ, ಶಾಲೆ, ಆಸ್ಪತ್ರೆಗಳು ಎದ್ದುದು ಮುಖ್ಯವಾಗಿ ಆ ಹಣದಿಂದ. ಇಂಥ ರಾಜ್ಯವನ್ನು ಅರ್ಥಶಾಸ್ತ್ರಜ್ಞ ಹುಸೇನ್ ಮಹದವಿ 1970ರಲ್ಲಿ ಇರಾನನ್ನು ಕುರಿತ ಪ್ರಬಂಧದಲ್ಲಿ ‘ಗೇಣಿಯಿಂದ ಬಾಳುವ ರಾಜ್ಯ’ ಎಂಬರ್ಥದ ಹೆಸರಿನಿಂದ ಕರೆದನು: ಗೇಣಿ ಬರುವ ಭೂಮಾಲೀಕನಂತೆ ಅದು ಪ್ರಜೆಗಳ ಉತ್ಪಾದನೆಯನ್ನು ಅವಲಂಬಿಸದೆ ಹೊರಗಿನ ವರಮಾನದಿಂದ ಬದುಕುತ್ತದೆ. ಆದಾಯ ತೆರಿಗೆಯಿಲ್ಲದ ಕೊಲ್ಲಿ ದೇಶಗಳನ್ನು ತೋರಿಸಿ ‘ನೋಡಿ, ಅವರಿಗೆ ಸಾಧ್ಯವಾಗಿದೆ’ ಎನ್ನುವವರು ಈ ತೈಲದ ಮಾತನ್ನು ಮರೆಯುತ್ತಾರೆ.

2014ರ ನಡುವಿನಿಂದ ತೈಲದ ಬೆಲೆ ಕುಸಿದಾಗ ಆ ಆಸರೆ ಅಲುಗಾಡಿತು. ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳು 2016ರಲ್ಲಿ ಮೌಲ್ಯವರ್ಧಿತ ತೆರಿಗೆಯ ಸಮಾನ ಚೌಕಟ್ಟಿಗೆ ಒಪ್ಪಿದವು. ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ 2018ರ ಜನವರಿಯಲ್ಲಿ, ಬಹರೇನ್ 2019ರಲ್ಲಿ ಶೇಕಡಾ 5ರ ದರದಲ್ಲಿ ಅದನ್ನು ಜಾರಿಗೊಳಿಸಿದವು. ಒಮಾನ್ ಕಾದು ನೋಡಿತು. 2019ರ ಜೂನಿನಲ್ಲಿ ತಂಬಾಕು, ಶಕ್ತಿಪೇಯ, ಗ್ಯಾಸ್ ತುಂಬಿದ ತಂಪುಪಾನೀಯಗಳ ಮೇಲೆ ಆಯ್ದ ಸರಕುಗಳ ತೆರಿಗೆ ಹಾಕಿ, ಮರುವರ್ಷ ಕೋವಿಡ್ ಮತ್ತು ತೈಲಬೆಲೆಯ ಪತನ ಒಟ್ಟಿಗೆ ಬಂದೆರಗಿದ ಮೇಲೆ, 2020ರ ಅಕ್ಟೋಬರಿನಲ್ಲಿ ಸುಲ್ತಾನ್ ಹೈತಮರ 121/2020ರ ರಾಜಾಜ್ಞೆಯ ಮೂಲಕ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆಯನ್ನು ಘೋಷಿಸಿತು; ಅದು 2021ರ ಏಪ್ರಿಲ್ 16ರಂದು ಜಾರಿಗೆ ಬಂತು. ಇದರಿಂದ ವರ್ಷಕ್ಕೆ ಸುಮಾರು 40 ಕೋಟಿ ರಿಯಾಲ್ ಬರಬಹುದೆಂಬುದು ಆಗಿನ ಅಂದಾಜು. ಅದೇ 2021ರ ಬಜೆಟ್ಟಿನಲ್ಲಿ ನಿರೀಕ್ಷಿತ ಒಟ್ಟು ವರಮಾನ 864 ಕೋಟಿ ರಿಯಾಲ್, ಕೊರತೆ 224 ಕೋಟಿ ರಿಯಾಲ್. ಎಂದರೆ ವರಮಾನದ ಇಪ್ಪತ್ತನೆಯ ಒಂದು ಪಾಲನ್ನೂ ಮುಟ್ಟದ, ಕೊರತೆಯ ಐದನೆಯ ಒಂದು ಪಾಲನ್ನೂ ತುಂಬದ ಮೊತ್ತವಿದು. ಇದೇ ತೆರಿಗೆಯ ಮೇಲೆ ಇಡೀ ರಾಜ್ಯವನ್ನು ನಿಲ್ಲಿಸಬೇಕಾದರೆ ಅದರ ದರ ಎಲ್ಲಿಗೆ ಮುಟ್ಟಬೇಕಾದೀತೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ನೆರೆಯ ಸೌದಿ ಅರೇಬಿಯಾ 2020ರ ಜುಲೈನಲ್ಲಿ ಒಂದೇ ಏಟಿಗೆ ದರವನ್ನು 5ರಿಂದ 15ಕ್ಕೆ ಏರಿಸಿತು, ಬಹರೇನ್ 2022ರಲ್ಲಿ 10ಕ್ಕೆ. ಆದಾಯ ತೆರಿಗೆಯಿಲ್ಲದೆ ಮೌಲ್ಯವರ್ಧಿತ ತೆರಿಗೆಯನ್ನು ನೆಚ್ಚಿಕೊಂಡ ಬಹಾಮಾಸ್ ದ್ವೀಪರಾಷ್ಟ್ರವೂ 2015ರಲ್ಲಿ ಶೇಕಡಾ 7.5ರಿಂದ ಆರಂಭಿಸಿ ಮೂರೇ ವರ್ಷದಲ್ಲಿ 12ಕ್ಕೆ ಹೋಗಿ, ಆಮೇಲೆ 10ಕ್ಕೆ ಇಳಿಯಿತು. ಅದಕ್ಕೆ ಪ್ರವಾಸಿಗರ ಖರ್ಚಿನ ಬೆಂಬಲವಿದೆ, ಅದು ಎಲ್ಲರಿಗೂ ಸಿಗುವಂಥದಲ್ಲ.

ತೆರಿಗೆ ಕೆಲಸ ಮಾಡುವ ರೀತಿಯನ್ನೂ ಸ್ವಲ್ಪ ನೋಡಬೇಕು. ಬರ್ಕಾದಂಥ ಊರಿನ ಅಲ್ಯುಮಿನಿಯಂ ವರ್ಕ್‌ಶಾಪೊಂದು 1,000 ರಿಯಾಲ್ ಬೆಲೆಯ ಕಚ್ಚಾ ಮಾಲನ್ನು 50 ರಿಯಾಲ್ ತೆರಿಗೆ ಸೇರಿಸಿ ಕೊಂಡು, ಅದರಿಂದ ಕಿಟಕಿ ಬಾಗಿಲು ಮಾಡಿ 1,600 ರಿಯಾಲಿಗೆ ಮಾರಿ 80 ರಿಯಾಲ್ ತೆರಿಗೆ ವಸೂಲು ಮಾಡಿತೆನ್ನೋಣ. ತಾನು ಮೊದಲೇ ಕೊಟ್ಟ 50ನ್ನು ಕಳೆದು 30 ರಿಯಾಲನ್ನು ಮಾತ್ರ ಅದು ತೆರಿಗೆ ಪ್ರಾಧಿಕಾರಕ್ಕೆ ಕಟ್ಟುತ್ತದೆ. ಪ್ರತಿ ಹಂತದಲ್ಲೂ ಕೂಡಿದ ಮೌಲ್ಯಕ್ಕೆ ಮಾತ್ರ ತೆರಿಗೆ ಬೀಳುವುದರಿಂದ ಇದಕ್ಕೆ ಮೌಲ್ಯವರ್ಧಿತ ಎಂಬ ಹೆಸರು. ಕೊಳ್ಳುವವನು ತನ್ನ ಜಮೆಗಾಗಿ ಮಾರುವವನಿಂದ ಬಿಲ್ಲು ಕೇಳುವುದರಿಂದ ಸರಪಳಿ ತನ್ನನ್ನು ತಾನೇ ಕಾಯುತ್ತದೆ. ಅಮೆರಿಕದ ಫೇರ್‌ಟ್ಯಾಕ್ಸಿನಂಥ ಶುದ್ಧ ಮಾರಾಟ ತೆರಿಗೆಯಾದರೋ ಕೊನೆಯ ಮಾರಾಟದಲ್ಲಿ ಮಾತ್ರ ವಸೂಲಾಗುತ್ತದೆ. ಆ ಕೊನೆಯ ಅಂಗಡಿಯವನು ಬಿಲ್ಲು ಹಾಕದಿದ್ದರೆ ಸರ್ಕಾರ ಕಳೆದುಕೊಳ್ಳುವುದು ಒಂದು ಕೊಂಡಿಯ ತೆರಿಗೆಯನ್ನಲ್ಲ, ಇಡೀ ತೆರಿಗೆಯನ್ನು. ಒಮಾನಿನಲ್ಲಿ ವರ್ಷದ ವಹಿವಾಟು 38,500 ರಿಯಾಲ್ ದಾಟಿದವರಿಗೆ ಮಾತ್ರ ನೋಂದಣಿ ಕಡ್ಡಾಯ, ಆದ್ದರಿಂದ ಗಲ್ಲಿಯ ಚಿಕ್ಕ ‘ಬಕಾಲಾ’, ಅಂದರೆ ದಿನಸಿ ಅಂಗಡಿ, ಹೊರಗೇ ಉಳಿಯಬಹುದು. ದರ ಐದಿರುವಾಗ ಈ ರಿಯಾಯಿತಿ ಸಹ್ಯ. ದರ ಮೂವತ್ತಾದರೆ ನೋಂದಾಯಿಸದ ಅಂಗಡಿಗೂ ನೋಂದಾಯಿತ ಅಂಗಡಿಗೂ ನಡುವಿನ ಅಂತರವೇ ಲಾಭದ ದಾರಿಯಾಗಿ, ಆದಾಯ ತೆರಿಗೆಯಿಂದ ಓಡಿಹೋದ ಕಳ್ಳಲೆಕ್ಕ ಇಲ್ಲಿ ಬಂದು ಮನೆಮಾಡುತ್ತದೆ. ಮಾರಾಟ ತೆರಿಗೆ ತಪ್ಪಿಸಿಕೊಳ್ಳುವವನನ್ನು ಹಿಡಿಯುತ್ತದೆಂಬ ವಾದ ಕಡಿಮೆ ದರಕ್ಕೆ ಮಾತ್ರ ನಿಜ.

ಫೇರ್‌ಟ್ಯಾಕ್ಸಿನ ದರವನ್ನು ಅದರ ಬೆಂಬಲಿಗರು ಶೇಕಡಾ 23 ಎನ್ನುತ್ತಾರೆ. 100 ಡಾಲರ್ ವಸ್ತುವಿಗೆ 30 ಡಾಲರ್ ತೆರಿಗೆ ಸೇರಿಸಿ 130 ಪಡೆದರೆ, ಆ 130ರಲ್ಲಿ 30 ಎಂಬುದು ಶೇಕಡಾ 23. ಆದರೆ ಭಾರತೀಯರೂ ಒಮಾನಿಗಳೂ ತೆರಿಗೆ ದರವನ್ನು ಲೆಕ್ಕ ಹಾಕುವ ಕ್ರಮದಲ್ಲಿ ಅದು ಶೇಕಡಾ 30. 2005ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ ಸಲಹಾ ಮಂಡಳಿ ಲೆಕ್ಕ ಹಾಕಿ, ಈ ಕ್ರಮದಲ್ಲಿ ದರ ಕನಿಷ್ಠ 34 ಆದರೂ ಆಗಬೇಕಾದೀತೆಂದು ಕಂಡುಕೊಂಡು, ಪ್ರಸ್ತಾಪವನ್ನು ಶಿಫಾರಸು ಮಾಡದೆ ಬಿಟ್ಟಿತು. ಭಾರತದ ಮಟ್ಟಿಗೆ ನೋಡಿದರೆ 2023-24ರಲ್ಲಿ ಸರಕು ಮತ್ತು ಸೇವಾ ತೆರಿಗೆಯ ಒಟ್ಟು ಸಂಗ್ರಹ 20.18 ಲಕ್ಷ ಕೋಟಿ ರೂಪಾಯಿ, ವೈಯಕ್ತಿಕ ಆದಾಯ ತೆರಿಗೆ ಸುಮಾರು 10 ಲಕ್ಷ ಕೋಟಿ. ಎರಡನೆಯದನ್ನು ಕೈಬಿಟ್ಟರೆ, ಜನ ಕೊಳ್ಳುವುದನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ, ಯಾರೂ ಬಿಲ್ಲು ತಪ್ಪಿಸುವುದಿಲ್ಲ ಎಂದುಕೊಂಡರೂ ಮೊದಲನೆಯದರ ಪ್ರತಿ ದರವನ್ನೂ ಅರ್ಧದಷ್ಟು ಏರಿಸಬೇಕು. ಕಂಪನಿಗಳ ತೆರಿಗೆಯನ್ನೂ ಬಿಟ್ಟರೆ ಹೆಚ್ಚುಕಡಿಮೆ ಇಮ್ಮಡಿ.

ಇನ್ನು ನ್ಯಾಯದ ಪ್ರಶ್ನೆ. ಇದನ್ನು ಅಂಕಿಗಳಲ್ಲಿಯೇ ನೋಡುವುದು ಒಳ್ಳೆಯದು, ಏಕೆಂದರೆ ‘ಮಾರಾಟ ತೆರಿಗೆ ಬಡವರ ಮೇಲೆ ಬೀಳುತ್ತದೆ’ ಎಂಬ ಮಾತನ್ನು ಎಷ್ಟೋ ಸಲ ಪರೀಕ್ಷಿಸದೆ ಹೇಳಲಾಗುತ್ತದೆ. ತಿಂಗಳಿಗೆ 120 ರಿಯಾಲ್ ಪಡೆಯುವ, ಕಂಪನಿಯ ವಸತಿಯಲ್ಲಿ ಮಲಗುವ ಕಾರ್ಮಿಕನೊಬ್ಬನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಒಮಾನಿನ 325 ರಿಯಾಲ್ ಕನಿಷ್ಠ ವೇತನದ ನಿಯಮ ಅಲ್ಲಿಯ ಪ್ರಜೆಗಳಿಗೆ ಮಾತ್ರ ಅನ್ವಯಿಸುವುದರಿಂದ ಈ ಮೊತ್ತ ಅಸಂಭವವಾದುದಲ್ಲ. ಅವನು 70 ರಿಯಾಲನ್ನು ಊರಿಗೆ ಕಳಿಸಿ, ಉಳಿದ 50ರಲ್ಲಿ 25ನ್ನು ಶೂನ್ಯ ದರದ ಆಹಾರಕ್ಕೂ 25ನ್ನು ಮೊಬೈಲ್ ರೀಚಾರ್ಜ್, ಬಟ್ಟೆ, ಸಾಬೂನು, ಹೋಟೆಲಿನ ಊಟದಂಥ ತೆರಿಗೆಯುಳ್ಳ ಬಾಬುಗಳಿಗೂ ಖರ್ಚು ಮಾಡಿದರೆ, ಬೆಲೆಯೊಳಗೇ ಸೇರಿ ಅವನು ಕೊಡುವ ತೆರಿಗೆ ಸುಮಾರು 1.19 ರಿಯಾಲ್, ಅಂದರೆ ಸಂಬಳದ ಹೆಚ್ಚುಕಡಿಮೆ ಶೇಕಡಾ 1. ಅದೇ ಊರಿನಲ್ಲಿ ತಿಂಗಳಿಗೆ 4,000 ರಿಯಾಲ್ ಪಡೆಯುವ ಹಿರಿಯ ಅಧಿಕಾರಿ 1,200 ರಿಯಾಲನ್ನು ಅಲ್ಲಿಯೇ ಖರ್ಚು ಮಾಡಿ, ಅದರಲ್ಲಿ ಮನೆಬಾಡಿಗೆ, ಶಾಲೆಯ ಶುಲ್ಕ, ಮೂಲ ದಿನಸಿಗಳೆಂದು 650 ರಿಯಾಲ್ ತೆರಿಗೆಯಿಂದ ಹೊರಗುಳಿದರೆ, ಮಿಕ್ಕ 550ರಲ್ಲಿ ಅವನು ಕೊಡುವ ತೆರಿಗೆ ಸುಮಾರು 26 ರಿಯಾಲ್. ಸಂಬಳದ ಶೇಕಡಾ 0.65. ಮೊತ್ತದಲ್ಲಿ ಅಧಿಕಾರಿ ಇಪ್ಪತ್ತೆರಡು ಪಟ್ಟು ಹೆಚ್ಚು ಕೊಡುತ್ತಾನೆ, ಆದರೆ ಅವನ ಸಂಬಳ ಮೂವತ್ತಮೂರು ಪಟ್ಟು ಹೆಚ್ಚು. ಕೊಡುವ ಶಕ್ತಿಗೆ ಹೋಲಿಸಿದರೆ ಭಾರ ಇಳಿಮುಖವಾಗಿದೆ.

ಈ ಇಳಿಜಾರು ಇಷ್ಟಕ್ಕೇ ನಿಂತಿರುವುದು ವಿನಾಯಿತಿಗಳ ದೆಸೆಯಿಂದ. ಒಮಾನ್ ಮೊದಲು 93 ಆಹಾರ ಪದಾರ್ಥಗಳಿಗೆ ಶೂನ್ಯ ದರ ಗೊತ್ತುಪಡಿಸಿ, ಜಾರಿಗೆ ಮುನ್ನವೇ ಆ ಪಟ್ಟಿಯನ್ನು 488ಕ್ಕೆ ವಿಸ್ತರಿಸಿತು. ಔಷಧ ಶೂನ್ಯ ದರದಲ್ಲಿದೆ, ವಾಸದ ಮನೆಯ ಬಾಡಿಗೆ, ಶಿಕ್ಷಣ, ಚಿಕಿತ್ಸೆಗಳಿಗೆ ವಿನಾಯಿತಿಯಿದೆ. ಇದು ವಿವೇಕದ ಕ್ರಮ. ಆದರೆ ಆದಾಯ ತೆರಿಗೆಯನ್ನು ಕಿತ್ತುಹಾಕಿ ಬರುವ ಮಾರಾಟ ತೆರಿಗೆಗೆ ಇಂಥ ಔದಾರ್ಯ ಸಾಧ್ಯವಿಲ್ಲ, ಅದು ಎಲ್ಲವನ್ನೂ ಒಳಗೆಳೆದುಕೊಳ್ಳಲೇಬೇಕು. ಅದೇ ಕಾರ್ಮಿಕನ 50 ರಿಯಾಲಿನ ಖರ್ಚಿನೊಳಗೆ ಶೇಕಡಾ 30ರ ದರ ಅಡಗಿಕೊಂಡರೆ ತೆರಿಗೆ ಹನ್ನೊಂದೂವರೆ ರಿಯಾಲಿಗೆ ಏರಿ ಸಂಬಳದ ಶೇಕಡಾ 9.6 ಆಗುತ್ತದೆ, ಅಧಿಕಾರಿಯದು ಶೇಕಡಾ 6.9. ಹನ್ನೊಂದೂವರೆ ರಿಯಾಲ್ ಎಂದರೆ ಆ ಕಾರ್ಮಿಕ ಮನೆಗೆ ಕಳಿಸುವ ಹಣದ ಆರನೆಯ ಒಂದು ಪಾಲು.

ಊರಿಗೆ ಕಳಿಸಿದ ಹಣ ತೆರಿಗೆಯಿಂದ ಪಾರಾಯಿತಲ್ಲವೇ ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರ ಸಿಗಬೇಕು. ಒಮಾನಿನ ದೃಷ್ಟಿಯಿಂದ ಅದು ನಿಜ, ಮತ್ತು ಖರ್ಚಿನ ತೆರಿಗೆಯನ್ನೇ ನೆಚ್ಚಿದ ವಲಸಿಗರ ನಾಡಿಗೆ ಇದೊಂದು ದೊಡ್ಡ ಸೋರಿಕೆ. ಆದರೆ ಕಾರ್ಮಿಕನ ದೃಷ್ಟಿಯಿಂದ ಆ 70 ರಿಯಾಲ್ ಕುಂದಾಪುರದಲ್ಲೋ ಬಂಟ್ವಾಳದಲ್ಲೋ ಮನೆ ಕಟ್ಟಲು ಸಿಮೆಂಟಾಗುತ್ತದೆ. ಸಿಮೆಂಟಿನ ಮೇಲೆ 2025ರ ಸೆಪ್ಟೆಂಬರ್ 21ರವರೆಗೂ ಶೇಕಡಾ 28ರ ತೆರಿಗೆಯಿತ್ತು, ಈಗ 18 ಇದೆ. ಅವನ ಉಳಿತಾಯ ಶೇರು ಮಾರುಕಟ್ಟೆಯ ಉಳಿತಾಯವಲ್ಲ, ಬೇರೊಂದು ನೆಲದಲ್ಲಿ ತಡವಾಗಿ ಆಗುವ ಖರ್ಚು. ಅಧಿಕಾರಿಯ ಉಳಿತಾಯವಾದರೋ ಎನ್‌ಆರ್‌ಇ ಎಂಬ ಅನಿವಾಸಿ ಖಾತೆಯಲ್ಲಿ ಬಡ್ಡಿ ಬೆಳೆಸುತ್ತದೆ, ಆ ಬಡ್ಡಿಗೂ ಭಾರತದಲ್ಲಿ ಆದಾಯ ತೆರಿಗೆಯಿಲ್ಲ. ಅದು ಎಂದೂ ಖರ್ಚಾಗದೆ ಮುಂದಿನ ತಲೆಮಾರಿಗೆ ಹೋಗಬಹುದು. ‘ಇಂದಲ್ಲ ನಾಳೆ ಎಲ್ಲರೂ ಖರ್ಚು ಮಾಡುತ್ತಾರೆ’ ಎಂಬ ವಾದದ ಬುಡ ಕಳಚುವುದು ಇಲ್ಲಿಯೇ: ಬಡವನ ನಾಳೆ ಬೇಗ ಬರುತ್ತದೆ, ಸಿರಿವಂತನದು ಬರದೆಯೂ ಇರಬಹುದು.

ಗಳಿಕೆಯನ್ನು ನೋಡದ ರಾಜ್ಯ ಬೇರೆ ಯಾವುದನ್ನು ನೋಡತೊಡಗುತ್ತದೆ ಎಂಬುದೂ ಗಮನಿಸಬೇಕಾದ ವಿಷಯ. ಹಣದ ಅಗತ್ಯ ಬಿದ್ದಾಗ ಅದು ತಲೆ ಎಣಿಸತೊಡಗುತ್ತದೆ. 2016ರಲ್ಲಿ ಒಮಾನ್ ವಲಸೆ ಕಾರ್ಮಿಕರ ಕೆಲಸದ ಪರವಾನಗಿಯ ಶುಲ್ಕವನ್ನು 201 ರಿಯಾಲಿನಿಂದ 301ಕ್ಕೆ ಏರಿಸಿತು. ಕಾನೂನಿನ ಪ್ರಕಾರ ಇದನ್ನು ಕೊಡಬೇಕಾದವನು ಕೆಲಸ ಕೊಟ್ಟವನು. ಆದರೆ ಒಬ್ಬ ಕೆಲಸಗಾರನಿಗೆ ಇಷ್ಟು ವೆಚ್ಚವೆಂದು ಮೊದಲೇ ಗೊತ್ತಿರುವ ಮಾಲೀಕ, ಅಂದರೆ ಕಾರ್ಮಿಕರ ಮಾತಿನ ‘ಅರಬಾಬ್’, ಅದನ್ನು ಸಂಬಳ ಗೊತ್ತುಮಾಡುವಾಗಲೇ ಲೆಕ್ಕಕ್ಕೆ ಹಿಡಿಯುತ್ತಾನೆ. ಆಗಿನ 301 ರಿಯಾಲ್ ಎಂಬುದು 120ರ ಸಂಬಳದವನಿಗೆ ಎರಡೂವರೆ ತಿಂಗಳ ದುಡಿಮೆಯಾಗಿತ್ತು, 4,000ದವನಿಗೆ ಸುಮಾರು ಎರಡು ದಿನದ್ದು. ಆದಾಯ ತೆರಿಗೆ ಇಲ್ಲವೆಂದರೆ ತೆರಿಗೆಯೇ ಇಲ್ಲವೆಂದಲ್ಲ. ಅದು ಶುಲ್ಕ, ಪರವಾನಗಿ, ದಂಡ, ಬಿಲ್ಲು ಎಂಬ ಹೆಸರುಗಳಲ್ಲಿ, ಕೊಡುವವನ ಶಕ್ತಿಯನ್ನು ಕೇಳದೆ ಬರುತ್ತದೆ.

ಮಾರಾಟ ತೆರಿಗೆಯ ಗಂಭೀರ ಪ್ರತಿಪಾದಕರು ಈ ಅನ್ಯಾಯವನ್ನು ಅರಿಯದವರಲ್ಲ. ಫೇರ್‌ಟ್ಯಾಕ್ಸಿನಲ್ಲಿ ಪ್ರತಿ ಕುಟುಂಬಕ್ಕೂ ಜೀವನಾವಶ್ಯಕ ಖರ್ಚಿನ ಮೇಲಿನ ತೆರಿಗೆಯಷ್ಟು ಹಣವನ್ನು ತಿಂಗಳ ಆರಂಭದಲ್ಲಿಯೇ ಮರಳಿಸುವ ಏರ್ಪಾಡಿದೆ, ಅದನ್ನು ಮುಂಗಡ ಮರುಪಾವತಿ ಎನ್ನಬಹುದು. ಒಮಾನಿನಲ್ಲೂ ಖರ್ಚಿನ ತೆರಿಗೆ ಬಂದ ಬೆನ್ನಿಗೇ ಇದನ್ನು ಹೋಲುವ ಭದ್ರತೆ ಬಂತು: 2023ರ 52ನೆಯ ರಾಜಾಜ್ಞೆಯ ಸಾಮಾಜಿಕ ರಕ್ಷಣೆ ಕಾನೂನಿನಂತೆ 2024ರಿಂದ 18 ವರ್ಷದೊಳಗಿನ ಪ್ರತಿ ಒಮಾನಿ ಮಗುವಿಗೆ ತಿಂಗಳಿಗೆ 10 ರಿಯಾಲ್, 60 ದಾಟಿದ ಒಮಾನಿ ವೃದ್ಧರಿಗೆ 115 ರಿಯಾಲ್ ಸಲ್ಲುತ್ತದೆ. ಇದು ಪ್ರಶಂಸನೀಯ ಕಾನೂನು, ಹೆರಿಗೆ ರಜೆಯ ವಿಮೆಯಂಥ ಕೆಲವು ಶಾಖೆಗಳು ವಲಸಿಗರನ್ನೂ ಒಳಗೊಂಡಿವೆ. ಆದರೆ ಮಾರಾಟ ತೆರಿಗೆಯ ಒಳಗಿನ ಒಂದು ತೊಡಕು ಇಲ್ಲಿ ಬಯಲಾಗುತ್ತದೆ. ತೆರಿಗೆ ವಸೂಲು ಮಾಡುವ ಅಂಗಡಿಗೆ ಕೊಳ್ಳುವವನು ಯಾರೆಂಬ ಗೊಡವೆಯಿಲ್ಲ, ಬತ್ತಾಕ, ಅಂದರೆ ಗುರುತಿನ ಚೀಟಿ, ತೋರಿಸೆಂದು ಅದು ಕೇಳುವುದಿಲ್ಲ. ಮರಳಿಸುವ ಕಚೇರಿಗೆ ಮಾತ್ರ ಅವನು ಯಾರೆಂಬುದು ಮೊದಲು ಗೊತ್ತಾಗಬೇಕು. ಪಡೆಯುವಾಗ ಎಲ್ಲರೂ ಒಂದೇ, ಕೊಡುವಾಗ ನಮ್ಮವರು ಬೇರೆ ಹೊರಗಿನವರು ಬೇರೆ. ತಾನು ನಿಂತ ನೆಲದ ರಸ್ತೆಗೂ ದೀಪಕ್ಕೂ ಕಾಣಿಕೆ ಸಲ್ಲಿಸಿ, ಆ ನೆಲದ ಮರುಪಾವತಿಯ ಪಟ್ಟಿಯಲ್ಲಿ ಹೆಸರಿಲ್ಲದವನಾಗಿ ಉಳಿಯುವವನು ವಲಸೆ ಕಾರ್ಮಿಕ, ಮತ್ತು ಈ ಸ್ಥಿತಿ ಬರ್ಕಾದಲ್ಲಿ ಮಾತ್ರವಲ್ಲ. ಬೆಂಗಳೂರಿನ ಕಟ್ಟಡಗಳ ಮೇಲೆ ದುಡಿಯುವ ಬಿಹಾರದ ಯುವಕನಿಗೆ ಕರ್ನಾಟಕದ ಯೋಜನೆಗಳೊಂದಿಗೆ ಇರುವ ಸಂಬಂಧವೂ ಬಹುಮಟ್ಟಿಗೆ ಇಂಥದೇ.

ಖರ್ಚಿನ ಮೇಲೆ ತೆರಿಗೆ ಹಾಕಿಯೂ ವ್ಯಕ್ತಿಯನ್ನು ನೋಡಲು ಸಾಧ್ಯವೆಂದು ತೋರಿಸಿದವನು ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್. 1955ರ ತನ್ನ ಗ್ರಂಥದಲ್ಲಿ ಅವನು ಸೂಚಿಸಿದ್ದು ಅಂಗಡಿಯಲ್ಲಿ ವಸೂಲಾಗುವ ತೆರಿಗೆಯನ್ನಲ್ಲ, ವರ್ಷದ ಗಳಿಕೆಯಿಂದ ಉಳಿತಾಯವನ್ನು ಕಳೆದು, ಮಿಕ್ಕ ಖರ್ಚಿನ ಮೇಲೆ ಏರುದರದಲ್ಲಿ ಹಾಕುವ ವೈಯಕ್ತಿಕ ತೆರಿಗೆಯನ್ನು. ಅವನ ಸಲಹೆಯಂತೆ ಆಗಿನ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು 1957ರಲ್ಲಿ ಭಾರತಕ್ಕೆ ವೆಚ್ಚ ತೆರಿಗೆಯನ್ನು ತಂದರು. ಬಂದ ಹಣ ಅತ್ಯಲ್ಪ, ಲೆಕ್ಕದ ತೊಡಕು ವಿಪರೀತ; 1962ರಲ್ಲಿ ಅದನ್ನು ಕೈಬಿಟ್ಟು, 1964ರಲ್ಲಿ ಮತ್ತೆ ತಂದು, 1966ರಲ್ಲಿ ಶಾಶ್ವತವಾಗಿ ಮುಚ್ಚಲಾಯಿತು. ಖರ್ಚನ್ನು ನ್ಯಾಯವಾಗಿ ಅಳೆಯಬೇಕಾದರೆ ಗಳಿಕೆಯನ್ನು ಮೊದಲು ಅಳೆಯಬೇಕು ಎಂಬುದನ್ನು ಆ ಪ್ರಯೋಗ ತೋರಿಸಿಕೊಟ್ಟಿತು. ಗಳಿಕೆಯ ಲೆಕ್ಕದಿಂದ ಬಿಡುಗಡೆ ಬೇಕೆನ್ನುವವರಿಗೆ ಅಲ್ಲಿ ಬಿಡುಗಡೆಯಿಲ್ಲ.

ಜಗತ್ತಿನ ಬೇರೆಡೆ ಆದಾಯ ತೆರಿಗೆಯನ್ನು ತೆಗೆಯುವ ಮಾತು ನಡೆದಿರುವಾಗ ಒಮಾನ್ ಎದುರು ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 2025ರ ಜೂನ್ 22ರಂದು ಹೊರಟ 56/2025ರ ರಾಜಾಜ್ಞೆಯಂತೆ ವರ್ಷಕ್ಕೆ 42,000 ರಿಯಾಲಿಗಿಂತ ಹೆಚ್ಚು ಗಳಿಸುವವರು, ಪ್ರಜೆಗಳಾಗಲಿ ವಲಸಿಗರಾಗಲಿ, ಹೆಚ್ಚುವರಿ ಮೊತ್ತದ ಮೇಲೆ 2028ರ ಜನವರಿ 1ರಿಂದ ಶೇಕಡಾ 5ರ ಆದಾಯ ತೆರಿಗೆ ಕೊಡಬೇಕು. ಕೊಲ್ಲಿ ಸಹಕಾರ ಮಂಡಳಿಯ ದೇಶಗಳಲ್ಲಿ ಇದು ಮೊದಲನೆಯದು. ಜನಸಂಖ್ಯೆಯ ಸುಮಾರು ಶೇಕಡಾ 99ರಷ್ಟು ಮಂದಿಗೆ ಇದು ತಾಗುವುದಿಲ್ಲವೆಂದು ಅಲ್ಲಿಯ ತೆರಿಗೆ ಪ್ರಾಧಿಕಾರ ಹೇಳಿದೆ. ಶಿಕ್ಷಣ, ಚಿಕಿತ್ಸೆ, ದಾನಗಳ ಜೊತೆಗೆ ಝಕಾತ್ ಕೊಟ್ಟ ಹಣಕ್ಕೂ ಅದರಲ್ಲಿ ಕಡಿತವಿದೆ; ಕನ್ನಡದ ಜಕಾತಿ ಕಳೆದುಕೊಂಡಿದ್ದ ಮೂಲಾರ್ಥಕ್ಕೆ, ಉಳ್ಳವನು ಉಳ್ಳಷ್ಟಕ್ಕೆ ಕೊಡಬೇಕೆಂಬ ಅರ್ಥಕ್ಕೆ, ಈ ಕಾನೂನು ಹತ್ತಿರ ಬಂದಂತಿದೆ. ಮೇಲಿನ ಉದಾಹರಣೆಯ ಅಧಿಕಾರಿಗೆ, ಕಡಿತಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ವರ್ಷದ 48,000ದಲ್ಲಿ 6,000ಕ್ಕೆ ಮಾತ್ರ ತೆರಿಗೆ, ಅಂದರೆ ತಿಂಗಳಿಗೆ 25 ರಿಯಾಲ್ ಬೀಳುತ್ತದೆ. ಅಂಗಡಿಯಲ್ಲಿ ಕೊಟ್ಟ 26ನ್ನು ಸೇರಿಸಿದರೆ ಅವನ ಭಾರ ಸಂಬಳದ ಶೇಕಡಾ 1.28 ಆಗಿ, ಮೊದಲ ಬಾರಿಗೆ ಕಾರ್ಮಿಕನ ಶೇಕಡಾ 1ನ್ನು ದಾಟುತ್ತದೆ. ಒಂದು ಚಿಕ್ಕ ಆದಾಯ ತೆರಿಗೆ ತಕ್ಕಡಿಯನ್ನು ಇಷ್ಟು ವಾಲಿಸಬಲ್ಲುದು, ಮಾರಾಟ ತೆರಿಗೆಯ ಯಾವ ದರವೂ ತಾನಾಗಿ ಇದನ್ನು ಮಾಡಲಾರದು.

ಪ್ರತಿಭಾವಂತರು ದುಬೈಗೋ ದೋಹಾಕ್ಕೋ ಹೋಗಿಬಿಟ್ಟಾರೆಂಬ ಆತಂಕ ಪೂರ್ತಿ ಸುಳ್ಳಲ್ಲ, ಆದರೆ ಹೆಚ್ಚುವರಿಯ ಮೇಲಿನ ಶೇಕಡಾ 5ಕ್ಕಾಗಿ ಮನೆ, ಶಾಲೆ, ಸಂಬಂಧಗಳನ್ನು ಬಿಟ್ಟು ಹೋಗುವವರು ವಿರಳ. ಭಾರತವೂ 2020ರ ಹಣಕಾಸು ಕಾಯ್ದೆಯಿಂದ, ಭಾರತದೊಳಗಿನ ವರಮಾನ 15 ಲಕ್ಷ ರೂಪಾಯಿ ದಾಟಿದ್ದೂ ಜಗತ್ತಿನ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ತನ್ನ ಪ್ರಜೆಯನ್ನು ನಿವಾಸಿಯೆಂದೇ ಎಣಿಸುವ ನಿಯಮ ಮಾಡಿದೆ. ಕೊಲ್ಲಿಯ ಸಾಮಾನ್ಯ ಕಾರ್ಮಿಕರ ಸಂಬಳಕ್ಕೆ ಇದು ಅನ್ವಯಿಸದೆಂದು ಆಗಲೇ ಸ್ಪಷ್ಟಪಡಿಸಲಾಯಿತು. ಎಲ್ಲಿಯೂ ಲೆಕ್ಕಕ್ಕೆ ಸಿಗದ ದೊಡ್ಡ ಗಳಿಕೆ ಎರಡೂ ದಂಡೆಗಳಲ್ಲಿ ಒಪ್ಪಿಗೆ ಕಳೆದುಕೊಳ್ಳುತ್ತಿದೆ.

ಬರ್ಕಾದ ಒಳನಾಡಿನಲ್ಲಿ ಬೆಳೆಯುತ್ತಿರುವ ಆರ್ಥಿಕ ನಗರದ ಹೆಸರು ‘ಖಝಾಇನ್’. ಕನ್ನಡದ ‘ಖಜಾನೆ’ಗೆ ಮೂಲವಾದ ಅರಬ್ಬಿ ಪದದ ಬಹುವಚನವೇ ಅದು. 2024ರ ಜೂನಿನಲ್ಲಿ ಒಮಾನಿನ ಕೇಂದ್ರ ಹಣ್ಣು ತರಕಾರಿ ಮಾರುಕಟ್ಟೆ ಮವಾಲೆಹದಿಂದ ಅಲ್ಲಿಗೆ ಸ್ಥಳಾಂತರವಾಯಿತು. ಅಂಥ ಮಾರುಕಟ್ಟೆಗಳ ಪೆಟ್ಟಿಗೆಗಳನ್ನು ಇಳಿಸುವ ಕೈಗಳಿಗೆ ತೆರಿಗೆಯ ಪಾಲನ್ನು ಮರಳಿಸಲು ಹೊಸ ಯಂತ್ರಾಂಗವೇನೂ ಬೇಕಾಗಿಲ್ಲ. ಖಾಸಗಿ ಸಂಸ್ಥೆಗಳ ಸಂಬಳ ಬ್ಯಾಂಕಿನ ಮೂಲಕವೇ ಸಲ್ಲಬೇಕೆಂಬ ವೇತನ ರಕ್ಷಣಾ ವ್ಯವಸ್ಥೆ ಒಮಾನಿನಲ್ಲಿ ಈಗಾಗಲೇ ಇರುವುದರಿಂದ, ಯಾರ ಸಂಬಳ 120, ಯಾರದು 4,000 ಎಂಬುದು ಸರ್ಕಾರಕ್ಕೆ ಪ್ರತಿ ತಿಂಗಳೂ ತಿಳಿಯುತ್ತದೆ. 2028ರಲ್ಲಿ ಮೇಲಿನವರ ಗಳಿಕೆಯನ್ನು ಅಳೆಯಲು ಬಳಸುವ ಅದೇ ಲೆಕ್ಕದಿಂದ ಕೆಳಗಿನವರ ಖಾತೆಗೆ, ಅವರು ಯಾವ ದೇಶದವರಾದರೂ, ಅವರು ಅಂಗಡಿಯಲ್ಲಿ ಕೊಟ್ಟ ತೆರಿಗೆಯನ್ನು ಮರಳಿಸಬಹುದು. ಉದಾಹರಣೆಯ ಆ ಕಾರ್ಮಿಕನಿಗೆ ಸಲ್ಲಬೇಕಾದದ್ದು ವರ್ಷಕ್ಕೆ ಹದಿನಾಲ್ಕು ರಿಯಾಲ್ ಚಿಲ್ಲರೆ, ಒಂದು ಒಮಾನಿ ಮಗುವಿಗೆ ಒಂದೂವರೆ ತಿಂಗಳಿಗೆ ಸಲ್ಲುವ ಭತ್ಯೆಗಿಂತ ಕಡಿಮೆ.